ಲಾರಿಯ ಹೈಡ್ರೋಜನ್ ಫ್ಯುಯೆಲ್ ಸೆಲ್ ಬೇಗ ಸವೆಯದ ಹಾಗೆ ಮಾಡೋದು ಹೇಗೆ?

ಹೈಡ್ರೋಜನ್, ಆಕ್ಸಿಜನ್ ಎರಡನ್ನೂ ಸೇರಿಸಿ ಕರೆಂಟ್ ಹುಟ್ಟಿಸೋದೇ ಫ್ಯುಯೆಲ್ ಸೆಲ್. ಕಾರಿನದ್ದು 8,000 ಗಂಟೆ ಬಾಳಿಕೆ ಬಂದ್ರೆ ಗೆದ್ದ ಹಾಗೆ, ಆದ್ರೆ ದಿನಾ ಲಾಂಗ್ ರೂಟ್ ಓಡೋ ಲಾರಿಗೆ ಅಷ್ಟು ಗಂಟೆ ಎರಡ್ಮೂರು ವರ್ಷಕ್ಕೇ ಖಾಲಿ. ಅದಕ್ಕೇ ಅಮೆರಿಕದ ಇಂಧನ ಇಲಾಖೆ ಲಾರಿಗಳಿಗೆ 2030ರ ಗುರಿ ಅಂತ 25,000 ಗಂಟೆ ಇಟ್ಕೊಂಡಿತ್ತು. ಹಾಗಾಗಿ ಇಲ್ಲಿ ಕ್ಯಾಟಲಿಸ್ಟ್ ಅಂತ, ಅಂದ್ರೆ ಕ್ರಿಯೆ ಜೋರು ಮಾಡೋಕೆ, ಹಾಕೋ ಪ್ಲಾಟಿನಂ ಎಷ್ಟು ಮಿಗಿಸಿದ್ವಿ ಅನ್ನೋದಕ್ಕಿಂತ ಹಾಕಿದ್ದು ಎಷ್ಟು ದಿನ ಉಳಿಯತ್ತೆ ಅನ್ನೋದೇ ಲೆಕ್ಕ.

ಮೊದ್ಲು ಕ್ಯಾಥೋಡ್, ಅಂದ್ರೆ ಆಕ್ಸಿಜನ್ ಬರೋ ಕಡೆಯ ಎಲೆಕ್ಟ್ರೋಡ್ ಹಿಡ್ಕೊಳ್ಳಿ. ಆಕ್ಸಿಜನ್ ನೀರಾಗೋ ಕೆಲ್ಸ ತುಂಬಾ ನಿಧಾನ, ಪ್ಲಾಟಿನಂ ಹೆಚ್ಚು ಬೇಕಾಗೋದೂ ಅಲ್ಲೇ. 2-3 ನ್ಯಾನೋಮೀಟರ್ ಕಣ ಹಾಕಿದ್ರೆ ಹೊಸದ್ರಲ್ಲಿ ಸೂಪರ್, ಆದ್ರೆ ಹರಳಿಗಿಂತ ಪುಡಿ ಬೇಗ ಕರಗತ್ತಲ್ಲ, ಹಾಗೇ ಸಣ್ಣ ಕಣಗಳು ಕರಗಿ ಹೋಗಿ ದೊಡ್ಡವಕ್ಕೆ ಅಂಟ್ಕೊಳ್ತವೆ, ಒಂದಿಷ್ಟು ಎರಡು ಎಲೆಕ್ಟ್ರೋಡ್ ನಡುವಿನ ಪೊರೆಯೊಳಗೆ ಸಿಕ್ಕಾಕೊಂಡು ಯಾವ ಕೆಲ್ಸಕ್ಕೂ ಬರದೆ ಕೂರತ್ತೆ. 4-5 ನ್ಯಾನೋಮೀಟರ್‌ನ ಸ್ವಲ್ಪ ದಪ್ಪ ಕಣ ತಗೊಳ್ಳಿ, ಚದರ ಸೆಂಟಿಮೀಟರ್‌ಗೆ ಸುಮಾರು 0.3 ಮಿಲಿಗ್ರಾಂ ಪ್ಲಾಟಿನಂ ಆದ್ರೂ ಪರವಾಗಿಲ್ಲ, ಇಲ್ಲಿ ಜಿಪುಣತನ ಬೇಡ.

ಪ್ಲಾಟಿನಂಗೆ ಕೋಬಾಲ್ಟ್ ಬೆರೆಸಿದ್ರೆ ಕ್ರಿಯೆ ಜೋರಾಗತ್ತೆ ನಿಜ, ಆದ್ರೆ ಅದು ಸೆಲ್ ಒಳಗಿನ ಆಸಿಡ್‌ಗೆ ಸೋರಿ ಪೊರೆಗೆ ಇಳಿದು ಪ್ರೋಟಾನ್ (ಹೈಡ್ರೋಜನ್ ಅಯಾನ್) ಕೂರೋ ಜಾಗದಲ್ಲಿ ತಾನೇ ಕೂತ್ಬಿಡತ್ತೆ. ಎರಡೂ ಲೋಹದ ಪರಮಾಣುಗಳು ಕ್ರಮವಾಗಿ ಸಾಲುಗಟ್ಟಿರೋ ಮಿಶ್ರಲೋಹ ಮಾಡಿ, ಮೊದ್ಲೇ ಆಸಿಡ್‌ನಲ್ಲಿ ತೊಳೆದು ಮೇಲೆ ಪ್ಲಾಟಿನಂ ಪದರ ಮಾತ್ರ ಉಳಿಸಿದ್ರೆ ಸೋರಿಕೆ ಕಡಿಮೆ.

ಆಮೇಲೆ ಪ್ಲಾಟಿನಂ ಕಣಗಳನ್ನ ಹೊತ್ತಿರೋ ಕಾರ್ಬನ್. ಸಣ್ಣ ರಂಧ್ರಗಳಿರೋ ಕಾರ್ಬನ್ ಒಳಗೆ ಪ್ಲಾಟಿನಂ ಕೂರಿಸಿದ್ರೆ, ಅಯನೋಮರ್ ಅನ್ನೋ ಅಂಟು ಪಾಲಿಮರ್ ನೇರ ಮೇಲೆ ಮೆತ್ಕೊಂಡು ಅದನ್ನ ಮಂಕು ಮಾಡಲ್ಲ.

ಇನ್ನು ಎಲೆಕ್ಟ್ರೋಲೈಟ್, ಅಂದ್ರೆ ಆ ಪೊರೆ. ತೆಳ್ಳಗಿದ್ದಷ್ಟೂ ಪ್ರೋಟಾನ್ ಸಲೀಸಾಗಿ ದಾಟತ್ತೆ, ಆದ್ರೆ ಹೈಡ್ರೋಜನ್ ಕೂಡ ನುಸುಳತ್ತೆ, ನುಸುಳಿದ್ದು ಆಕ್ಸಿಜನ್ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಆಗತ್ತೆ, ಅದಕ್ಕೆ ಎಲ್ಲಿಂದಲೋ ಒಂಚೂರು ಕಬ್ಬಿಣದ ಅಯಾನ್ ಸಿಕ್ಕಿದ್ರೆ ಮುಗೀತು, ರಾಡಿಕಲ್ ಅನ್ನೋ ತುಂಬಾ ಚುರುಕಾದ ಕಣಗಳು ಹುಟ್ಟಿ ಪೊರೆಯನ್ನೇ ತಿಂದು ತೂತು ಮಾಡ್ತವೆ. ಹಾಗಾಗಿ ಒಳಗೆ ರಂಧ್ರಭರಿತ ಟೆಫ್ಲಾನ್ ಜಾಲರಿ ಹಾಕಿ ಗಟ್ಟಿ ಮಾಡಿ, ರಾಡಿಕಲ್ ಹಿಡಿಯೋಕೆ ಸೀರಿಯಂ ಸ್ವಲ್ಪ ಸೇರಿಸಿ. ಜಾಸ್ತಿ ಹಾಕಬೇಡಿ, ಅದೂ ಕೋಬಾಲ್ಟ್ ಥರಾನೇ ಪ್ರೋಟಾನ್ ಜಾಗ ಕಬಳಿಸತ್ತೆ. ಪೈಪು, ಪ್ಲೇಟು ತುಕ್ಕು ಬಿಡದ ಹಾಗೆ ನೋಡ್ಕೊಳ್ಳೋದನ್ನ ಸುಮಾರು ಜನ ಮರೀತಾರೆ.

ಇಷ್ಟೆಲ್ಲಾ ಮಾಡಿ ಓಡಿಸೋ ರೀತಿ ಕೆಟ್ಟದಾಗಿದ್ರೆ ವೇಸ್ಟ್. ಲೋಡ್ ಕಡಿಮೆ ಆದಾಗ ಸೆಲ್ ವೋಲ್ಟೇಜ್ ಏರತ್ತೆ, ಪ್ಲಾಟಿನಂ ಕರಗೋದು ಈ ಏರಿಳಿತದಲ್ಲೇ. ಬ್ಯಾಟರಿ ಜೊತೆಗಿಟ್ಟು ದಿಢೀರ್ ಬದಲಾವಣೆನೆಲ್ಲ ಅದಕ್ಕೆ ವಹಿಸಿ, ಖಾಲಿ ನಿಂತಾಗ ಸ್ಟ್ಯಾಕ್, ಅಂದ್ರೆ ಒಂದರ ಮೇಲೊಂದು ಜೋಡಿಸಿರೋ ಸೆಲ್‌ಗಳ ಕಟ್ಟು, ಸುಮ್ನೆ ಓಡೋದು ಬೇಡ.

ಕೊನೆಗೆ ಟೆಸ್ಟ್: ಹೊಸ ಸೆಲ್‌ನ ನಂಬರ್ ನೋಡಿ ಖುಷಿಪಡಬೇಡಿ. ವೋಲ್ಟೇಜ್ ಸಾವಿರಾರು ಸಲ ಏರಿಸಿ ಇಳಿಸಿ, ಸೆಲ್ ಮುದಿಯಾದ್ಮೇಲೆ ಅಳೆಯಿರಿ, ಎರಡು ಕ್ಯಾಟಲಿಸ್ಟ್ ಹೋಲಿಸೋದು ಆ ನಂಬರ್‌ನಲ್ಲೇ.