ಪ್ರೆಸೆಂಟೇಷನ್‌ಗೆ ನಿಂತಾಗ ಕೈ ನಡುಗುತ್ತದೆಯೇ? ಮೊದಲ ಎರಡು ನಿಮಿಷಕ್ಕೆ ಹೀಗೆ ತಯಾರಾಗಿ

ಫ್ಯಾನ್ ಬಂದ್ ಇತ್ತು. ಆದರೂ ಅವನ ಕೈಯಲ್ಲಿದ್ದ ಹಾಳೆ ಪಟಪಟ ಅನ್ನುತ್ತಿತ್ತು. ಕೆಲಸಕ್ಕೆ ಸೇರಿ ಎರಡು ವರ್ಷವಾದ ಹುಡುಗ. ಫೋನಿನಲ್ಲಿ ಎಂಥ ವ್ಯಾಪಾರಿಯನ್ನೂ ಒಪ್ಪಿಸುತ್ತಾನೆ. ಯಾವ ಗೋದಾಮಿನಲ್ಲಿ ಎಷ್ಟು ಚೀಲ ಇದೆ ಅಂತ ಕೇಳಿದರೆ ಕಂಪ್ಯೂಟರ್ ನೋಡದೆ ಹೇಳುತ್ತಾನೆ. ಅವತ್ತು 20 ಜನರ ಎದುರು ನಿಂತವನು ನಮಗೆ ಬೆನ್ನು ಮಾಡಿ ಗೋಡೆ ಮೇಲಿನ ಅಕ್ಷರ ಓದತೊಡಗಿದ. 11 ನಿಮಿಷ ಹಾಗೇ ಓದಿದ. ಮೀಟಿಂಗ್ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಸಿಕ್ಕು, "ಸರ, ಇನ್ನೊಮ್ಮೆ ನನಗ ಹೇಳಬ್ಯಾಡ್ರೀ, ನನ್ನ ಕೈಲೆ ಆಗೂದಿಲ್ಲ" ಅಂದ.

ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ರೈತರು, ವ್ಯಾಪಾರಿಗಳು ಮಾಲು ಇಡುವ ಕೋಲ್ಡ್ ಸ್ಟೋರೇಜ್ ವ್ಯವಹಾರ. ಈ 15 ವರ್ಷದಲ್ಲಿ ಇದೇ ಮಾತನ್ನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ವಿಷಯ ಚೆನ್ನಾಗಿ ಗೊತ್ತಿದ್ದವರೇ ಎಷ್ಟೋ ಸಲ ಜಾಸ್ತಿ ಹೆದರುತ್ತಾರೆ. ಅವರು ಸುಮ್ಮನೆ ಕೂತರೆ ಅರ್ಧಂಬರ್ಧ ಗೊತ್ತಿದ್ದವರ ಮಾತೇ ನಡೆದುಹೋಗುತ್ತದೆ. ಅದನ್ನು ನೋಡುತ್ತ ಕೂರಲು ನನಗೆ ಆಗುವುದಿಲ್ಲ. ನಾನು ಕಂಡ ಹಾಗೆ ಎಲ್ಲ ಕೆಡುವುದು ಒಂದೇ ಜಾಗದಲ್ಲಿ, ಮೊದಲ ಎರಡು ನಿಮಿಷದಲ್ಲಿ. ಅದಕ್ಕೇ ಇಲ್ಲಿ ಅದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಹೆಜ್ಜೆ 1: ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ಸಾಲು ಬರೆಯಿರಿ

ನಿಮ್ಮ ಮಾತು ಕೇಳಿ ಎದ್ದುಹೋದವರು ಏನು ಮಾಡಬೇಕು? ಅದನ್ನು ಕಾಗದದ ಮೇಲೆ ಒಂದೇ ವಾಕ್ಯದಲ್ಲಿ ಬರೆಯಿರಿ. "ವ್ಯಾಪಾರಿಗಳು ಈ ಸೀಸನ್‌ನಲ್ಲಿ ಮಾಲನ್ನು ಬೇಸಿಗೆಗೆ ಮೊದಲೇ ನಮ್ಮಲ್ಲಿ ಇಡಬೇಕು." ಇಷ್ಟು ಸಾಕು. ಬರೆಯಲು ಆಗಲಿಲ್ಲ ಅಂದರೆ ಇನ್ನೂ ಸ್ಲೈಡ್ ಮಾಡುವ ಹೊತ್ತು ಬಂದಿಲ್ಲ.

ಹೆಜ್ಜೆ 2: ಸ್ಲೈಡ್

ಹತ್ತು ನಿಮಿಷದ ಮಾತಿಗೆ ಆರೇಳು ಸ್ಲೈಡ್ ಸಾಕು. ಒಂದರಲ್ಲಿ ಒಂದೇ ವಿಷಯ. ಅಕ್ಷರದ ಸೈಜು 28ಕ್ಕಿಂತ ಕಡಿಮೆ ಬೇಡ. ಎಕ್ಸೆಲ್ ಶೀಟನ್ನು ಹಾಗೇ ತಂದು ಅಂಟಿಸಬೇಡಿ. 40 ಸಾಲಿನಲ್ಲಿ ನಿಮಗೆ ಬೇಕಾದದ್ದು ಎರಡು ಅಂಕಿ. ಆ ಎರಡನ್ನೇ ದೊಡ್ಡದಾಗಿ ಹಾಕಿ.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಒಂದು ಮಾತು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಗದಗಿನ ಒಂದು ಸಭೆಯಲ್ಲಿ ನನಗೇ ಹೀಗಾಯಿತು. ಮೂರು ದಿನ ಕೂತು ಮಾಡಿದ ಸ್ಲೈಡಿನ ಒಂದು ಅಕ್ಷರವೂ ಯಾರಿಗೂ ಓದಲು ಬರಲಿಲ್ಲ. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಜೊತೆಗೆ ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ, ಒಂದು ನಿಮ್ಮ ಮೇಲ್‌ನಲ್ಲಿ ಇರಲಿ.

ಹಳೇ ಪ್ರೊಜೆಕ್ಟರುಗಳಿಗೆ ಇರುವುದು ವಿಜಿಎ ಸಾಕೆಟ್. ಹೊಸ ಲ್ಯಾಪ್‌ಟಾಪ್‌ಗೆ ಅದು ಇರುವುದಿಲ್ಲ. ನಡುವೆ ಹಾಕುವ ಅಡಾಪ್ಟರನ್ನು ರಸ್ತೆ ಬದಿ ಅಗ್ಗಕ್ಕೆ ಕೊಳ್ಳಬೇಡಿ. ವೈರು ಸ್ವಲ್ಪ ಅಲುಗಾಡಿದರೂ ಪರದೆ ಕಪ್ಪಾಗುತ್ತದೆ, ನಿಮ್ಮ ಎದೆ ಝಲ್ ಅನ್ನುತ್ತದೆ. ಇನ್ನು ವಿಷಯ ಕೊಟ್ಟರೆ ಎಐ ಇಡೀ ಪ್ರೆಸೆಂಟೇಷನ್ ಮಾಡಿಕೊಡುತ್ತದಲ್ಲ, ಅದರ ಬಗ್ಗೆ. ಚಿತ್ರ ಜೋಡಿಸಲು, ಕಾಗುಣಿತ ನೋಡಲು ಬಳಸಿ. ಮಾತು ಮಾತ್ರ ನಿಮ್ಮದೇ ಇರಲಿ. ನೀವು ಯಾವತ್ತೂ ಬಳಸದ ಪದ ಸ್ಲೈಡಿನಲ್ಲಿ ಬಂದರೆ ಅದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ.

ಹೆಜ್ಜೆ 3: ಬಾಯಿಬಿಟ್ಟು, ನಿಂತು ಪ್ರಾಕ್ಟೀಸ್ ಮಾಡಿ

ಮೀಟಿಂಗ್ ದಿನ ಬೆಳಗ್ಗೆ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತ, ಮೊಬೈಲಿನಲ್ಲಿ ಸ್ಲೈಡ್ ತಿರುಗಿಸುತ್ತ, ಮನಸ್ಸಿನಲ್ಲೇ ಎಲ್ಲ ಹೇಳಿಕೊಳ್ಳುವವರನ್ನು ನೋಡಿದ್ದೇನೆ. ಇದನ್ನು ಪ್ರಾಕ್ಟೀಸ್ ಅಂತ ನಾನು ಒಪ್ಪುವುದಿಲ್ಲ. ಮನಸ್ಸಿನಲ್ಲಿ ಮಾತು ಯಾವಾಗಲೂ ಸಲೀಸಾಗಿಯೇ ಬರುತ್ತದೆ. ಬಾಯಿಬಿಟ್ಟಾಗಲೇ ಎಲ್ಲಿ ಉಸಿರು ಸಾಲುವುದಿಲ್ಲ, ಎಲ್ಲಿ ಪದ ಸಿಗುವುದಿಲ್ಲ ಅಂತ ಗೊತ್ತಾಗುವುದು. ಕನಿಷ್ಠ ಮೂರು ಸಲ, ನಿಂತುಕೊಂಡು, ಗಟ್ಟಿಯಾಗಿ ಹೇಳಿ. ಒಂದು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದು ಸಲ ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು ಹೇಳಿ. ನಿಮ್ಮ ಅವ್ವಗೋ ತಮ್ಮನಿಗೋ ತಿಳಿಯದಿದ್ದರೆ ವ್ಯಾಪಾರಿಗೂ ತಿಳಿಯುವುದಿಲ್ಲ. ಸಾಧ್ಯವಾದರೆ ಹಿಂದಿನ ದಿನ ಸಂಜೆ ಅದೇ ಮೀಟಿಂಗ್ ಹಾಲಿನಲ್ಲಿ, ಖಾಲಿ ಕುರ್ಚಿಗಳ ಎದುರು ಒಮ್ಮೆ ಹೇಳಿ ಬನ್ನಿ.

ಆದರೆ ಇಡೀ ಮಾತನ್ನು ಬಾಯಿಪಾಠ ಮಾಡಬೇಡಿ. ಹಾಗೆ ಕಲಿತ ಮಾತು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತದೆ. ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಹೋಗುತ್ತದೆ. ನಮ್ಮ ಹುಡುಗ ಗೋಡೆ ಕಡೆ ತಿರುಗಿದ್ದು ಅದಕ್ಕೇ. ಬಾಯಿಪಾಠ ಬೇಕಾದದ್ದು ಮೊದಲ ನಾಲ್ಕು ವಾಕ್ಯ, ಕೊನೆಯ ಒಂದು ವಾಕ್ಯ. ನಡುವಿನದಕ್ಕೆ ಐದಾರು ಪಾಯಿಂಟು ದಪ್ಪ ಕಾರ್ಡಿನ ಮೇಲೆ ಬರೆದಿಟ್ಟುಕೊಳ್ಳಿ. ದಪ್ಪ ಕಾರ್ಡ್ ಅಂದೆ. ತೆಳು ಹಾಳೆ ನಡುಕವನ್ನು ದೊಡ್ಡದು ಮಾಡಿ ತೋರಿಸುತ್ತದೆ, ಸದ್ದೂ ಮಾಡುತ್ತದೆ.

ಭಾಷೆಯ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯವರ ಹೆದರಿಕೆಯಲ್ಲಿ ದೊಡ್ಡ ಪಾಲು ಇಂಗ್ಲಿಷಿನದು. ಕೇಳುವವರೆಲ್ಲ ಕನ್ನಡದವರಾದರೆ ಕನ್ನಡದಲ್ಲೇ ಮಾತಾಡಿ. ಸ್ಲೈಡ್ ಇಂಗ್ಲಿಷಿನಲ್ಲಿದ್ದರೆ ಇರಲಿ. ಬೆಂಗಳೂರಿನಿಂದ ಮೇಲಿನವರು ಬಂದಿದ್ದಾರೆ, ನಮ್ಮ ಧಾರವಾಡ ಕನ್ನಡ ಕೇಳಿ ಏನಂದುಕೊಂಡಾರು ಅನ್ನುವ ಚಿಂತೆ ಬೇಡ. ಮಾತಾಡುತ್ತಲೇ ನಾಲಿಗೆ ತಿದ್ದಿಕೊಳ್ಳಲು ಹೋದರೆ ಅರ್ಧ ಗಮನ ಅಲ್ಲೇ ಹೋಗುತ್ತದೆ. ಇಂಗ್ಲಿಷ್ ಬೇಕೇ ಬೇಕು ಅಂದರೆ ವಾಕ್ಯ ಚಿಕ್ಕದು ಮಾಡಿ. ಏಳೆಂಟು ಪದಕ್ಕೆ ಫುಲ್‌ಸ್ಟಾಪ್ ಹಾಕಿ.

ಹೆಜ್ಜೆ 4: ಮೀಟಿಂಗ್‌ಗೆ ಅರ್ಧ ತಾಸು ಮೊದಲು

ಎದೆ ಡವಡವ, ಅಂಗೈ ತಣ್ಣಗೆ, ಬಾಯಿ ಒಣಗುವುದು. ಇದೆಲ್ಲ ಅಡ್ರಿನಾಲಿನ್ ಕೆಲಸ. ಅಪಾಯ ಬಂತು ಅಂತ ಮೈ ಓಡಲಿಕ್ಕೋ ಹೊಡೆದಾಡಲಿಕ್ಕೋ ಸಿದ್ಧವಾಗುತ್ತದೆ. ರಕ್ತ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ, ಬೆರಳು ತಣ್ಣಗಾಗುತ್ತವೆ. ನಿಮ್ಮ ಮೈಯಲ್ಲಿ ಏನೂ ಕೆಟ್ಟಿಲ್ಲ ಅಂತ ಮೊದಲು ತಿಳಿದುಕೊಳ್ಳಿ.

ಉಸಿರನ್ನು ನಾಲ್ಕು ಎಣಿಸುವಷ್ಟು ಒಳಗೆ ತೆಗೆದುಕೊಳ್ಳಿ, ಆರು ಎಣಿಸುವಷ್ಟು ನಿಧಾನ ಹೊರಗೆ ಬಿಡಿ. ಹೊರಗೆ ಬಿಡುವುದು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಹತ್ತು ಸಲ ಮಾಡಿ. ಕೂತೇ ಇರಬೇಡಿ, ಕಾರಿಡಾರಿನಲ್ಲಿ ಅಡ್ಡಾಡಿ. ಖಾಲಿ ಹೊಟ್ಟೆ ಮೇಲೆ ಎರಡು ಮೂರು ಚಾ ಕುಡಿಯುವುದು ನಮ್ಮ ಕಚೇರಿಗಳ ಚಾಳಿ. ಅವತ್ತು ಮಾತ್ರ ಬೇಡ. ಇಡ್ಲಿಯೋ ಅವಲಕ್ಕಿಯೋ ತಿನ್ನಿ, ಬೆಚ್ಚಗಿನ ನೀರು ಕುಡಿಯಿರಿ.

"ಸಮಾಧಾನ, ಸಮಾಧಾನ" ಅಂತ ಮನಸ್ಸನ್ನು ಒತ್ತಾಯ ಮಾಡುವುದು ಸುಮ್ನೆ ಕಷ್ಟ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಅಲಿಸನ್ ವುಡ್ ಬ್ರೂಕ್ಸ್ ಈ ಬಗ್ಗೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಭಾಷಣಕ್ಕೆ ಮೊದಲು "ನಾನು ಸಮಾಧಾನವಾಗಿದ್ದೇನೆ" ಅಂದುಕೊಂಡವರಿಗಿಂತ, "ನನಗೆ ಹುರುಪು ಬಂದಿದೆ" ಅಂತ ಗಟ್ಟಿಯಾಗಿ ಹೇಳಿಕೊಂಡವರು ಚೆನ್ನಾಗಿ ಮಾತಾಡಿದ್ದು ಅದರಲ್ಲಿ ಕಂಡುಬಂತು. ಹೆದರಿಕೆಗೂ ಹುರುಪಿಗೂ ಎದೆ ಬಡಿದುಕೊಳ್ಳುವುದು ಒಂದೇ ಥರ. ಹೆಸರು ಬದಲಿಸುವುದು ಸುಲಭ.

ಇನ್ನೊಂದು. ಎದೆಬಡಿತ ಇಳಿಸುವ ಮಾತ್ರೆಯನ್ನು ಗೆಳೆಯರಿಂದ ಇಸಿದುಕೊಂಡು ನುಂಗುವವರಿದ್ದಾರೆ. ದಯವಿಟ್ಟು ಬೇಡ. ಪ್ರೊಪ್ರನಲಾಲ್‌ನಂಥ ಮಾತ್ರೆ ಆಸ್ತಮಾ ಇದ್ದವರಿಗೆ ಅಪಾಯ. ಹೆದರಿಕೆ ಅಷ್ಟು ಕಾಡುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ, ಅವರೇ ಹೇಳಲಿ.

ಹೆಜ್ಜೆ 5: ಮೊದಲ ಎರಡು ನಿಮಿಷ

ಧಾರವಾಡದಲ್ಲಿ ಸಂಗೀತದ ಬೈಠಕ್‌ಗೆ ಕೂತವರು ನೋಡಿರುತ್ತೀರಿ. ಗಾಯಕರು ಬಂದ ಕೂಡಲೇ ತಾನ್ ಹೊಡೆಯುವುದಿಲ್ಲ. ತಂಬೂರಿ ಶ್ರುತಿ ನೋಡುತ್ತಾರೆ. ಷಡ್ಜ ಹಚ್ಚುತ್ತಾರೆ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಖ್ಯಾಲ್ ಶುರುವಾಗುತ್ತದೆ. ವೇಗದ ಲಯ, ದ್ರುತ್, ಬರುವುದು ಎಷ್ಟೋ ಹೊತ್ತಿನ ಮೇಲೆ. ನಮ್ಮವರು ಹೆದರಿಕೆಗೆ ಮೊದಲ ವಾಕ್ಯದಿಂದಲೇ ದ್ರುತ್ ಹಿಡಿಯುತ್ತಾರೆ. ಬೇಗ ಮುಗಿಸಿ ಕೂತರೆ ಸಾಕು ಅನ್ನಿಸಿರುತ್ತದೆ. ಉಸಿರು ಸಾಲುವುದಿಲ್ಲ, ದನಿ ಏರುತ್ತದೆ, ಆ ದನಿ ಕೇಳಿ ಇನ್ನಷ್ಟು ಹೆದರಿಕೆಯಾಗುತ್ತದೆ.

ಹೆಸರು ಕರೆದಾಗ ಎದ್ದು ಹೋಗಿ. ಕಾರ್ಡನ್ನು ಟೇಬಲ್ ಮೇಲೆ ಇಡಿ. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲಿ. ಒಂದು ಪೂರ್ತಿ ಉಸಿರು ಬಿಡಿ. ಇಷ್ಟಾಗುವವರೆಗೆ ಮಾತು ಬೇಡ. ಆ ಮೂರ್ನಾಲ್ಕು ಸೆಕೆಂಡು ನಿಮಗೆ ಮೂರ್ನಾಲ್ಕು ನಿಮಿಷ ಅನ್ನಿಸುತ್ತದೆ, ಕೂತವರಿಗೆ ಗೊತ್ತೂ ಆಗುವುದಿಲ್ಲ. ಎಡಕ್ಕೊಬ್ಬರು, ನಡುವೆ ಒಬ್ಬರು, ಬಲಕ್ಕೊಬ್ಬರು, ಹೀಗೆ ಮೂರು ಪರಿಚಿತ ಮುಖ ಹುಡುಕಿಕೊಳ್ಳಿ. ಮೊದಲ ವಾಕ್ಯ ಒಬ್ಬರಿಗೆ, ಎರಡನೆಯದು ಇನ್ನೊಬ್ಬರಿಗೆ ಹೇಳಿ. ತಲೆಯ ಮೇಲಿಂದ ಗೋಡೆ ನೋಡಿ ಅನ್ನುವ ಹಳೇ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಗೋಡೆ ತಲೆ ಆಡಿಸುವುದಿಲ್ಲ. ಒಬ್ಬರು ಹೂಂ ಅಂತ ತಲೆ ಆಡಿಸಿದರೆ ನಿಮ್ಮ ಅರ್ಧ ಹೆದರಿಕೆ ಇಳಿಯುತ್ತದೆ.

ಮೊದಲ ವಾಕ್ಯ ಯಾವುದು? "ತಪ್ಪಿದ್ದರೆ ಕ್ಷಮಿಸಿ, ನನಗೆ ಅಷ್ಟಾಗಿ ಮಾತಾಡಲು ಬರುವುದಿಲ್ಲ" ಅಂತ ಮಾತ್ರ ಶುರು ಮಾಡಬೇಡಿ. ಇಲ್ಲದ ತಪ್ಪನ್ನು ಜನ ಹುಡುಕತೊಡಗುತ್ತಾರೆ. ನಮಸ್ಕಾರ ಹೇಳಿ, ನೇರ ವಿಷಯದ ಒಳಗೆ ಕಾಲಿಡಿ.

ಹಾವೇರಿಯಲ್ಲಿ ವ್ಯಾಪಾರಿಗಳ ಸಭೆ ನಡೆದಾಗ ನಮ್ಮ ಕಚೇರಿಯ ಒಬ್ಬ ಹೆಣ್ಣುಮಗಳು ಮಾಡಿದ್ದನ್ನು ಹೇಳುತ್ತೇನೆ. ಅದು ಅವಳ ಮೊದಲ ಪ್ರೆಸೆಂಟೇಷನ್. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣದಿಂದ, ಖಾರದಿಂದಲ್ಲ. ಇದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಅವಳು ಪ್ರೊಜೆಕ್ಟರ್ ಹಚ್ಚುವ ಮೊದಲು ಸ್ಟೀಲ್ ತಟ್ಟೆಯೊಂದನ್ನು ಟೇಬಲ್ ಮೇಲೆ ಇಟ್ಟಳು. ಅದರಲ್ಲಿ ಎರಡೇ ಕಾಯಿ. ಎರಡೂ ಸುಕ್ಕುಸುಕ್ಕು, ಒಂದೇ ಉದ್ದ. ಒಂದು ಕಡುಗೆಂಪು. ಇನ್ನೊಂದು ಮಾಸಿ, ಇಟ್ಟಂಗಿ ಬಣ್ಣಕ್ಕೆ ತಿರುಗಿ, ತೊಟ್ಟಿನ ಹತ್ತಿರ ಬಿಳಿಚಿತ್ತು. "ನಮಸ್ಕಾರ್ರೀ. ಇವೆರಡೂ ಒಂದ ಹೊಲದ್ದು. ಒಂದ ದಿನಾ ಹರದದ್ದು. ಇದು ಗೋದಾಮಿನ್ಯಾಗ ಇತ್ತು, ಇದು ಕೋಲ್ಡ್ ಸ್ಟೋರೇಜಿನ್ಯಾಗ ಇತ್ತು" ಅಂದು ಸುಮ್ಮನಾದಳು. ನಾಲ್ಕೇ ವಾಕ್ಯ. ಮುಂದಿನ ಸಾಲಿನ ಹಿರಿಯ ದಲಾಲರೊಬ್ಬರು ಎದ್ದು ಬಂದು, ಎರಡೂ ಕಾಯಿ ಮುರಿದು, ಬೆರಳಿಗೆ ಹತ್ತಿದ ಬಣ್ಣ ನೋಡಿ, ಪಕ್ಕದವರಿಗೆ ತೋರಿಸಿದರು. ಅಲ್ಲಿಂದ ಮುಂದೆ ಎಲ್ಲರ ಕಣ್ಣು ತಟ್ಟೆಯ ಮೇಲೆ ಇತ್ತು. ಅವಳ ಕಾಲು ನಡುಗುತ್ತಿದ್ದವಂತೆ, ಆಮೇಲೆ ಹೇಳಿದಳು. ಎರಡನೇ ಸಾಲಿನಲ್ಲೇ ಕೂತಿದ್ದ ನನಗೆ ಅದು ಕಂಡಿರಲಿಲ್ಲ.

ಕಾಣುವುದೂ ಇಲ್ಲ. ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನೇ ತೋರಿಸಿಕೊಟ್ಟರು. ಮಾತಾಡುವವರು ತಮ್ಮ ಅಳುಕು ಎಲ್ಲರಿಗೂ ಕಾಣುತ್ತಿದೆ ಅಂದುಕೊಂಡಿರುತ್ತಾರೆ, ಕೇಳುವವರಿಗೆ ಅಷ್ಟು ಕಾಣುವುದಿಲ್ಲ. ಈ ವಿಷಯವನ್ನು ಮೊದಲೇ ಕೇಳಿ ತಿಳಿದಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರಂತೆ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಎಲ್ಲರೂ ತಟ್ಟೆ ಮೆಣಸಿನಕಾಯಿ ಒಯ್ಯಬೇಕಂತಿಲ್ಲ. ಮುರಿದ ಒಂದು ಬೇರಿಂಗ್, ಗಿರಾಕಿಯ ಒಂದು ದೂರಿನ ಪತ್ರ, ಕಳೆದ ವಾರ ಕೌಂಟರಿನಲ್ಲಿ ನಡೆದ ಒಂದು ಘಟನೆ, ಯಾವುದಾದರೂ ಆದೀತು. ಕೈಗೆ ಒಂದು ವಸ್ತು ಸಿಕ್ಕರೆ ಕೈಗೂ ಕೆಲಸ ಸಿಗುತ್ತದೆ, ಜನರ ಕಣ್ಣೂ ನಿಮ್ಮ ಮುಖ ಬಿಟ್ಟು ಅದರ ಕಡೆ ಹೋಗುತ್ತದೆ.

ಹೆಜ್ಜೆ 6: ಉಳಿದ ಎಂಟು ನಿಮಿಷ

ಕಾರ್ಡ್ ನೋಡಿ, ಒಂದೊಂದೇ ಪಾಯಿಂಟು ಹೇಳುತ್ತ ಹೋಗಿ. ಎಲ್ಲರೂ ನಿಮ್ಮನ್ನೇ ನೋಡಬೇಕು ಅನ್ನಿಸಿದಾಗ ಕೀಬೋರ್ಡಿನಲ್ಲಿ ಬಿ ಒತ್ತಿ. ಪವರ್‌ಪಾಯಿಂಟ್ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ವಾಪಸ್ ಬರುತ್ತದೆ. ಕರೆಂಟ್ ಹೋದರೆ ಮಾತು ನಿಲ್ಲಿಸಬೇಡಿ. ಮುಖ್ಯ ಅಂಕಿಗಳ ಒಂದು ಪುಟ ಮೊದಲೇ ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದರೆ ಅದನ್ನು ಹಂಚಿ.

ಹೆಜ್ಜೆ 7: ಪ್ರಶ್ನೆ

ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ. ಹಿಂದೆ ಕೂತವರಿಗೂ ಕೇಳುತ್ತದೆ, ನಿಮಗೂ ಯೋಚಿಸಲು ಎರಡು ಕ್ಷಣ ಸಿಗುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಆದರೆ ಅಷ್ಟಕ್ಕೇ ಬಿಡಬೇಡಿ, ಯಾವಾಗ ತಿಳಿಸುತ್ತೀರಿ ಅಂತ ದಿನ, ಹೊತ್ತು ಹೇಳಿ, ಅವರ ಎದುರೇ ಡೈರಿಯಲ್ಲಿ ಬರೆದುಕೊಳ್ಳಿ.

ಹಾವೇರಿಯಲ್ಲಿ ಆ ದಲಾಲರು, "ತಂಗೀ, ಚೀಲಾ ನಡುವ ಹೊರಗ ತಗದು ಮತ್ತ ಒಳಗ ಇಟ್ಟರ ಬಾಡಗಿ ಹೆಂಗ?" ಅಂತ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. "ಅಜ್ಜಾರ, ನಾಳೆ ಹನ್ನೊಂದಕ್ಕ ಫೋನ್ ಮಾಡಿ ಹೇಳ್ತೇನ್ರಿ" ಅಂದು ಬರೆದುಕೊಂಡಳು. ಮರುದಿನ 11 ಗಂಟೆಗೆ ಫೋನ್ ಹಚ್ಚಿದಳು. ಬಾಡಿಗೆಯ ಮಾತು ಮುಗಿದ ಮೇಲೆ ಅವರು, ಬ್ಯಾಡಗಿಯ ತಮ್ಮ ಅಂಗಡಿಗೆ ಬಂದು ಇನ್ನೂ ನಾಲ್ಕು ಮಂದಿಗೆ ಆ ತಟ್ಟೆ ತೋರಿಸಲು ಆಗುತ್ತದೆಯೇ ಅಂತ ಕೇಳಿದರು. ಆ ಸಲ ಅವಳ ಜೊತೆ ಹಾಳೆ ನಡುಗಿಸಿದ ನಮ್ಮ ಹುಡುಗನನ್ನೂ ಕಳಿಸಿದೆ. ಮೊದಲ ನಾಲ್ಕು ವಾಕ್ಯ ಅವನು ಹೇಳಿದ.