ಕೀಮೋ ನಡೆಯುತ್ತಿದ್ದರೆ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್‌ನಲ್ಲಿ ಈ ಲೆಕ್ಕ ಹಾಕಿ

ಟೋಟಲ್ ಕೌಂಟ್ (ಒಟ್ಟು ಬಿಳಿ ರಕ್ತಕಣ) ಒಂದನ್ನೇ ನೋಡಿ ಸಮಾಧಾನ ಪಡಬೇಡಿ. ಅದನ್ನು ನ್ಯೂಟ್ರೋಫಿಲ್ (ಬಿಳಿ ಕಣಗಳ ಒಂದು ಬಗೆ) ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿ. ಬರುವುದೇ ಎಎನ್‌ಸಿ, ಅಂದರೆ ನ್ಯೂಟ್ರೋಫಿಲ್‌ಗಳ ನಿಜವಾದ ಸಂಖ್ಯೆ. ಟೋಟಲ್ 2,400, ನ್ಯೂಟ್ರೋಫಿಲ್ 20% ಇದ್ದರೆ ಎಎನ್‌ಸಿ 480. 500ಕ್ಕಿಂತ ಕೆಳಗೆ ಅಂದರೆ ಸೋಂಕಿನ ಅಪಾಯ ತುಂಬಾ ಹೆಚ್ಚು. (ರಿಪೋರ್ಟ್‌ನಲ್ಲಿ 2.4 ಎಂದಿದ್ದರೆ ಅದು ಸಾವಿರದ ಲೆಕ್ಕ. ಬ್ಯಾಂಡ್ ಕಣಗಳನ್ನು, ಅಂದರೆ ಇನ್ನೂ ಪೂರ್ತಿ ಬಲಿಯದ ನ್ಯೂಟ್ರೋಫಿಲ್‌ಗಳನ್ನು, ಬೇರೆ ತೋರಿಸಿದ್ದರೆ ಆ ಶೇಕಡಾವನ್ನೂ ಕೂಡಿಸಿ.) ಬ್ಯಾಕ್ಟೀರಿಯಾ, ಫಂಗಸ್ ವಿರುದ್ಧ ಮೊದಲು ಹೋರಾಡುವುದು ನ್ಯೂಟ್ರೋಫಿಲ್, ಉಳಿದ ಬಿಳಿ ಕಣಗಳು ಎಷ್ಟಿದ್ದರೂ ಅದರ ಕೊರತೆಯನ್ನು ಪೂರ್ತಿ ತುಂಬಲಾರವು. ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ, ಕೀಮೋ ಮದ್ದು ಅಸ್ಥಿಮಜ್ಜೆಯಲ್ಲಿ ಹೊಸದರ ತಯಾರಿಯನ್ನೇ ತಡೆಯುತ್ತದೆ. ಹಾಗಾಗಿ ಹೆಚ್ಚಿನ ಮದ್ದುಗಳಲ್ಲಿ ಡೋಸ್ ಆದ 7ರಿಂದ 14ನೇ ದಿನದೊಳಗೆ ಕೌಂಟ್ ತಳ ಮುಟ್ಟುತ್ತದೆ. ಆ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಲೆಕ್ಕ ಕೈಕೊಡುವುದೂ ಉಂಟು: ಕೌಂಟ್ ಏರಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಅಥವಾ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಬಳಿಕ ಎಎನ್‌ಸಿ ಜಿಗಿದಂತೆ ಕಾಣುತ್ತದೆ, ಇಂಜೆಕ್ಷನ್ ನಿಲ್ಲಿಸಿದರೆ ಮತ್ತೆ ಇಳಿಯಬಹುದು. ಮೂರು ದಿನದ ಹಳೆಯ ರಿಪೋರ್ಟ್ ಇವತ್ತಿನ ಸ್ಥಿತಿ ಹೇಳುವುದಿಲ್ಲ. ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಲೆಕ್ಕ ಹಾಕುತ್ತ ಕೂರದೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮೊದಲೇ ಪ್ಯಾರಾಸಿಟಮಾಲ್ ನುಂಗಿದರೆ ಜ್ವರ ಮುಚ್ಚಿಹೋಗುತ್ತದೆ. ನ್ಯೂಟ್ರೋಫಿಲ್ ಇಲ್ಲದಾಗ ಕೀವು, ಊತ ಸರಿಯಾಗಿ ಕಾಣುವುದಿಲ್ಲ, ಎಷ್ಟೋ ಸಲ ಜ್ವರವೊಂದೇ ಸುಳಿವು. ಜ್ವರವಿಲ್ಲದೆ ಚಳಿ ನಡುಕ ಬಂದರೂ ಅಷ್ಟೇ, ಕಾಯಬೇಡಿ.