ಸೈರನ್ ನಿಂತ ಮೇಲೆ ಪಕ್ಕದಲ್ಲಿ ಕೂರುವುದು ಹೇಗೆ

ಆಂಬುಲೆನ್ಸ್ ಸಿಬ್ಬಂದಿಗೆ, ಅಗ್ನಿಶಾಮಕ ದಳದವರಿಗೆ, ಗಸ್ತಿನ ಪೊಲೀಸರಿಗೆ ಸಾಂತ್ವನ ಹೇಳಲು ಬರುವ ಒಳ್ಳೆಯ ಮನಸ್ಸಿನವರು ಬಂದ ಕೂಡಲೇ ಮಾತು ಶುರುಮಾಡುತ್ತಾರೆ. ದಯವಿಟ್ಟು ಮಾತನ್ನು ಕೊನೆಗಿಟ್ಟುಕೊಳ್ಳಿ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಈಗ ಆಗಾಗ ಠಾಣೆಗಳಿಗೆ, 108ರ ಹುಡುಗರು ಗಾಡಿ ನಿಲ್ಲಿಸಿಕೊಳ್ಳುವ ಜಾಗಗಳಿಗೆ ಹೋಗಿ ಕೂರುತ್ತೇನೆ. ಅವರಿಗೆ ಇಂದಿಗೂ ನಾನು ‘ಸಿಸ್ಟರ್’. ಅಮೆರಿಕದ ಅನೇಕ ಅಗ್ನಿಶಾಮಕ ದಳಗಳಲ್ಲಿ ಇದಕ್ಕೆಂದೇ ಚಾಪ್ಲಿನ್ ಎಂಬ ಧರ್ಮಗುರು ಇರುತ್ತಾರೆ. ನ್ಯೂಯಾರ್ಕ್ ದಳದ ಚಾಪ್ಲಿನ್ ಮೈಕಲ್ ಜಡ್ಜ್ 2001ರ ಸೆಪ್ಟೆಂಬರ್ 11ರಂದು ತಮ್ಮ ದಳದವರ ನಡುವೆಯೇ ಪ್ರಾಣ ಬಿಟ್ಟರು. ನಮ್ಮ ಸೇನೆಯಲ್ಲೂ ಧರ್ಮಗುರುಗಳ ಹುದ್ದೆಯಿದೆ. ನಾನು ಕಂಡ ಠಾಣೆಗಳಲ್ಲಿ ಆ ಹೊರೆ ಬೀಳುವುದು ಹಿರಿಯ ಸಹೋದ್ಯೋಗಿಗಳ, ಇಲ್ಲವೇ ನನ್ನಂಥವರ ಹೆಗಲಿಗೆ.

ಘಟನೆ ನಡೆದ ಸ್ಥಳಕ್ಕೆ ಹೋಗಬೇಡಿ, ಅಲ್ಲಿ ನೀವು ಅಡ್ಡಿ. ಠಾಣಾಧಿಕಾರಿಯ ಒಪ್ಪಿಗೆ ಪಡೆದು, ಸಂಜೆ ಚಹಾದ ಹೊತ್ತಿಗೆ, ಅಯ್ಯಂಗಾರ್ ಬೇಕರಿಯ ಖಾರಾ ಬನ್ ಕಟ್ಟಿಸಿಕೊಂಡು ಹೋಗಿ. ಬರಿಗೈಯಲ್ಲಿ ಹೋದವರನ್ನು ವಿಚಾರಣೆಗೆ ಬಂದವರೇನೋ ಎಂದು ನೋಡುತ್ತಾರೆ.

ಕೈಗೆ ಕೆಲಸವಿರುವವನನ್ನು ನಿಲ್ಲಿಸಿ ಮಾತನಾಡಿಸಬೇಡಿ. ಅಪಘಾತದ ಕೇಸ್ ಇಳಿಸಿದ ಮೇಲೆ ಪೈಲಟ್, ಅಂದರೆ ಗಾಡಿ ಓಡಿಸುವವನು, ಸ್ಟ್ರೆಚರ್ ತೊಳೆಯುತ್ತಾನೆ. ಬೆಲ್ಟಿನ ಬಕಲ್ ಸಂದಿಯಲ್ಲಿ ಒಣಗಿದ ರಕ್ತವನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಕೆರೆಯುತ್ತಿರುತ್ತಾನೆ. ಹೋಗಿ ನೀರಿನ ಪೈಪ್ ಹಿಡಿದುಕೊಳ್ಳಿ. ಮಾತು ಬರುವುದಿದ್ದರೆ ಅಲ್ಲೇ, ಮುಖ ನೋಡದೆ, ಬರುತ್ತದೆ.

‘ಏನಾಯಿತು, ಎಲ್ಲಾ ಹೇಳಿಬಿಡು, ಹಗುರವಾಗುತ್ತದೆ’ ಎನ್ನುವುದು ನಮ್ಮ ಜನರ ಗಟ್ಟಿ ನಂಬಿಕೆ. 1983ರಲ್ಲಿ ಜೆಫ್ರಿ ಮಿಚೆಲ್ ಎಂಬವರು ಇದಕ್ಕೊಂದು ಕ್ರಮವನ್ನೇ ರೂಪಿಸಿದರು: ಘಟನೆಯಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವುದು. ಹೀಗೆ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೊರಡಿಸುವುದರಿಂದ ಮುಂದಿನ ಕಾಯಿಲೆ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡ ಎನ್ನುತ್ತದೆ. 2011ರಲ್ಲಿ ಅದೇ ಸಂಸ್ಥೆ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡು, ಕೇಳಿಸಿಕೊ, ಸಹಾಯ ಸಿಗುವಲ್ಲಿಗೆ ಮುಟ್ಟಿಸು. ಹಾಗಾಗಿ ನಾನು ಕೇಳುವುದು ‘ಊಟ ಆಯಿತಾ? ರಾತ್ರಿ ನಿದ್ದೆ ಬಂತಾ?’ ಎಂದಷ್ಟೇ. ಬೆಂಕಿಯಲ್ಲಿ ಬೆಂದ ಶವ ಎತ್ತಿದವನು ‘ಬಾಡೂಟ ಬಿಟ್ಟಿದ್ದೇನೆ ಸಿಸ್ಟರ್’ ಎಂದರೆ ಬೇಕಾದದ್ದೆಲ್ಲ ಅದರಲ್ಲಿ ಬಂತು.

ಎಲ್ಲಕ್ಕಿಂತ ಕಷ್ಟದ್ದು ‘ಇನ್ನೈದು ನಿಮಿಷ ಮೊದಲು ಹೋಗಿದ್ದರೆ’ ಎಂಬ ಮಾತು. ಒಬ್ಬ ಪೈಲಟ್ ಸಿಲ್ಕ್ ಬೋರ್ಡ್ ಕಡೆಯ ದಾರಿ ಹಿಡಿದದ್ದಕ್ಕೇ ಮಗು ಹೋಯಿತೆಂದು ಕೊರಗುತ್ತಿದ್ದ. ‘ನಿನ್ನ ತಪ್ಪಿಲ್ಲ ಬಿಡು’ ಎಂದು ತಕ್ಷಣ ಹೇಳಬೇಡಿ. ಅದು ಅವನ ಕಿವಿಗೆ ‘ಸಾಕು, ಬಾಯಿ ಮುಚ್ಚು’ ಎಂದು ಕೇಳಿಸುತ್ತದೆ. ಈ ಮಾತನ್ನು ಅವನೇ ಎತ್ತಿದಾಗ ಮಾತ್ರ, ಅವನು ಒಪ್ಪಿದರೆ ಮಾತ್ರ, ಲೆಕ್ಕ ಹಾಕಿಸಿ. ಕರೆ ಎಷ್ಟು ಗಂಟೆಗೆ ಬಂತು, ಎಲ್ಲಿಂದ ಹೊರಟೆ, ಇನ್ನೊಂದು ರಸ್ತೆಯಲ್ಲಿ ಆಗ ಏನಿತ್ತು? ಅವನೇ ಬೆರಳು ಮಡಿಸುತ್ತಾ ಹೋದ. ಇನ್ನೊಂದು ರಸ್ತೆಯೂ ಕಟ್ಟಿಕೊಂಡಿತ್ತು ಎಂಬುದು ಅವನ ಬಾಯಿಂದಲೇ ಬಂತು. ಲೆಕ್ಕ ಹಾಕಿದ ಮೇಲೂ ತಡವಾದದ್ದು ನಿಜವೆಂದೇ ಕಂಡರೆ ಸುಳ್ಳು ಹೇಳಿ ಸಮಾಧಾನ ಮಾಡಬೇಡಿ, ಸುಮ್ಮನೆ ಜೊತೆಗಿರಿ. ಈ ಊರಿನ ಟ್ರಾಫಿಕ್ಕಿನ ಪಾಪವನ್ನೆಲ್ಲ ಸ್ಟೀರಿಂಗ್ ಹಿಡಿದವನೊಬ್ಬನೇ ಹೊರುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ.

ದೇವರ ವಿಷಯ ಚಿಕ್ಕದು. ಆಯುಧಪೂಜೆಗೆ ಗಾಡಿಗೆ ಬೂದುಗುಂಬಳ ಒಡೆಯುವವರಿಗೆ, ನಮಾಜಿಗೆ ಹೋಗುವವರಿಗೆ, ಭಾನುವಾರ ಚರ್ಚಿಗೆ ಓಡುವವರಿಗೆ ನಿಮ್ಮ ಪ್ರವಚನ ಬೇಕಿಲ್ಲ. ಅವರೇ ಪ್ರಾರ್ಥನೆ ಮಾಡಿ ಎಂದರೆ ಮಾಡಿ. ‘ಎಲ್ಲಾ ಹಣೆಬರಹ’ ಎಂಬುದನ್ನು ಅವರು ಹೇಳಬಹುದು, ನೀವು ಹೇಳಕೂಡದು.

ನೋವು ತಡವಾಗಿ ಬರುವುದೂ ಉಂಟು. 2021ರ ಏಪ್ರಿಲ್–ಮೇನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲಿನಲ್ಲಿ ಕಾದವರು ಈಗ, ಬೇರೇನೋ ಮಾತಿನ ನಡುವೆ, ಅದನ್ನು ತೆಗೆಯುತ್ತಾರೆ. ‘ಈಗೇಕೆ ಅದೆಲ್ಲ’ ಎನ್ನಬೇಡಿ.

ಮೊದಲ ವಾರಗಳಲ್ಲಿ ಕೆಟ್ಟ ಕನಸು, ಬೆಚ್ಚಿಬೀಳುವುದು, ಸಿಡುಕು ಸಹಜ. ಒಂದು ತಿಂಗಳು ದಾಟಿದರೂ ಬಿಡದಿದ್ದರೆ, ಕುಡಿಯದೆ ನಿದ್ದೆಯೇ ಬಾರದಿದ್ದರೆ, ಮನೆಯಲ್ಲಿ ಮಕ್ಕಳ ಮೇಲೆ ಕೈ ಹೋಗುತ್ತಿದ್ದರೆ ನಿಮ್ಮ ಚಹಾ ಬನ್ನಿನ ವೈದ್ಯ ಸಾಲದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಲು ಹಿಂಜರಿಯುವವರಿಗೆ ನಂಬರ್ ಕೊಟ್ಟು ಕಳುಹಿಸಿದರೆ ಆಗದು, ಜೊತೆಗೆ ಹೋಗಿ. ಸಾಯುವ ಮಾತು ಬಂದರೆ ಸುತ್ತಿಬಳಸದೆ ‘ಪ್ರಾಣ ತೆಗೆದುಕೊಳ್ಳುವ ಯೋಚನೆ ಬರುತ್ತಿದೆಯಾ?’ ಎಂದು ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡಿ, ಮನೆಯವರನ್ನು ಕರೆಸಿ, ಆಗಲೇ ನಿಮ್ಹಾನ್ಸಿನ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಗುಟ್ಟು ಮುರಿಯಬಹುದಾದ ಸಂದರ್ಭಗಳು ಬಹಳ ಕಡಿಮೆ, ಇದು ಅವುಗಳಲ್ಲಿ ಮೊದಲನೆಯದು. ಇದನ್ನು ಮೊದಲ ದಿನವೇ ಅವರಿಗೆ ತಿಳಿಸಿಟ್ಟಿರಿ.

ಉಳಿದಂತೆ ಡೈರಿಯಲ್ಲಿ ಹೆಸರು ಬರೆಯಬೇಡಿ, ಫೋಟೊ ತೆಗೆಯಬೇಡಿ. ‘ಯಾರು ಅಳುತ್ತಿದ್ದರು ಸಿಸ್ಟರ್?’ ಎಂದು ಸಾಹೇಬರು ಕೇಳಿಯೇ ಕೇಳುತ್ತಾರೆ, ಹೆಚ್ಚಿನವರು ಕಾಳಜಿಯಿಂದಲೇ. ‘ಮಗುವಿನ ಕೇಸಿಗೆ ಹೋದವರಿಗೆಲ್ಲ ಈ ವಾರ ನೈಟ್ ಡ್ಯೂಟಿ ಬೇಡ ಸರ್’ ಎನ್ನಿ. ಎಲ್ಲರಿಗೂ ಎಂದಾಗ ಯಾರ ಹೆಸರನ್ನೂ ಹೇಳಿದಂತಾಗುವುದಿಲ್ಲ.